ದೀಪ ಆರಿಸಿದರೆ ಸುಳ್ಳಾಗುತ್ತದೆಯೇ?

ಸಾಗರದಿಂದ ಆನಂದಪುರದ ಕಡೆ ಹೊರಟಿದ್ದೆವು. ಒಂದು ಏರಿನಲ್ಲಿ ಅಪ್ಪನ ಹಳೆಯ ಕಾರು ಕೆಮ್ಮತೊಡಗಿತು. ಪಿಕಪ್ ಇಲ್ಲ, ಗೇರ್ ಇಳಿಸಿದರೂ ನಡುಕ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಸ್ವಲ್ಪ ಹೊತ್ತು ಮಿಣುಕಿ, ಆಮೇಲೆ ಹಾಗೇ ಉರಿಯುತ್ತ ನಿಂತಿತು. ಈ ಎರಡಕ್ಕೂ ವ್ಯತ್ಯಾಸವಿದೆಯೆಂದು ನನಗೆ ತಿಳಿದದ್ದು ಆಮೇಲೆ. ಮಿಣುಕಿದರೆ, ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಹೊಗೆ ಹೋಗುವ ದಾರಿಗಿಳಿದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಅಪಾಯವಿದೆ ಎಂದರ್ಥ, ಬದಿಗೆ ನಿಲ್ಲಿಸಬೇಕು. ನಾವು ನಿಲ್ಲಿಸಲಿಲ್ಲ.

‘ಮಿಸ್ಸಿಂಗ್ ಹೊಡೀತಿದೆ’ ಎಂದರು ಗ್ಯಾರೇಜಿನ ಮೇಸ್ತ್ರಿ. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದಾಗ ಬಂದದ್ದು ಪಿ0302. ಕೊನೆಯ ಅಂಕಿ ಸಿಲಿಂಡರಿನದು. ಹಾಗಂತ ಕಾರಿನ ಕಂಪ್ಯೂಟರ್ ಎರಡನೆಯ ಸಿಲಿಂಡರಿನೊಳಗೆ ಇಣುಕಿ ನೋಡಿರುವುದಿಲ್ಲ. ಒಂದೊಂದು ಸಿಲಿಂಡರಿನ ಸರದಿಯಲ್ಲೂ ಕ್ರ್ಯಾಂಕ್‌ಶಾಫ್ಟ್ ಎಷ್ಟು ವೇಗವಾಗಿ ತಿರುಗಿತೆಂದು ಅಳೆದು, ಎರಡರ ಸರದಿಯಲ್ಲಿ ಸೋತಿತೆಂದು ಊಹಿಸಿರುತ್ತದೆ, ಅಷ್ಟೆ. ಯಾಕೆ ಸೋತಿತು ಎಂಬುದು ಅದಕ್ಕೂ ಗೊತ್ತಿಲ್ಲ.

ಮೇಸ್ತ್ರಿ ತಕ್ಷಣ ಹೊಸ ಸಾಮಾನು ತರಿಸಲಿಲ್ಲ. ಎರಡನೆಯದರ ಕಾಯಿಲ್ ಬಿಚ್ಚಿ ಮೂರಕ್ಕೆ ಹಾಕಿದರು, ಮೂರರದ್ದು ಎರಡಕ್ಕೆ. ತಪ್ಪು ಕಾಯಿಲಿನದಾದರೆ ಅದರ ಜೊತೆಗೇ ಹೋಗಿ 0303 ಎಂದು ತೋರಿಸಬೇಕು. ತೋರಿಸಲಿಲ್ಲ. ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿದರು. ಎರಡು ಎರಡರಲ್ಲೇ ಉಳಿಯಿತು. ಆಮೇಲೆ ಪ್ಲಗ್ ಬಿಚ್ಚಿದ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದರು. ಮೂರು ಸಿಲಿಂಡರುಗಳಲ್ಲಿ ಮುಳ್ಳು 170ರ ಆಸುಪಾಸಿಗೆ ಏರಿತು, ಎರಡನೆಯದರಲ್ಲಿ 115. ಒಂದು ಚಮಚ ಆಯಿಲ್ ಸುರಿದು ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಏರಬೇಕಿತ್ತು. ಏರಲಿಲ್ಲ. ‘ವಾಲ್ವ್ ಕೂರ್ತಾ ಇಲ್ಲ. ಹೆಡ್ ಬಿಚ್ಚಬೇಕು ಮೇಷ್ಟ್ರೇ’ ಎಂದರು ಅಪ್ಪನಿಗೆ. ನಾನು ನ್ಯಾಯದರ್ಶನದ ಅನುಮಾನ ಪ್ರಕರಣದ ಮೇಲೆ ಐದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೇನೆ. ಇಷ್ಟು ಶುದ್ಧವಾದ ಅನುಮಾನವನ್ನು ಕಣ್ಣಾರೆ ಕಂಡದ್ದು ಆವತ್ತೇ.

ತೊಂದರೆ ಏನೆಂದರೆ, ಕಾರಿಗೆ ಆಗಲೇ ಗಿರಾಕಿ ಸಿಕ್ಕಿದ್ದ. ಪಕ್ಕದೂರಿನ ಹುಡುಗ, ಅವನಿಗಿದು ಮೊದಲ ಕಾರು. ಹೆಡ್ ಕೆಲಸ ಮಾಡಿಸಿ ಮಾರಿದರೆ ನಮಗೆ ಉಳಿಯುವುದು ಕಡಿಮೆ. ನನಗೆ ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಆ ಹಣ ಯಾರ ಮೆಸ್ ಬಿಲ್ಲಿಗೆ ಹೋಗಲಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಮೇಸ್ತ್ರಿಯೇ ದಾರಿ ತೋರಿಸಿದರು: ‘ಎರರ್ ಕ್ಲಿಯರ್ ಮಾಡಿಬಿಡ್ತೀನಿ. ಬಿಸಿ ಎಂಜಿನ್‌ನಲ್ಲಿ ಏನೂ ಗೊತ್ತಾಗಲ್ಲ. ನಾಕೈದು ದಿನ ಲೈಟೂ ಬರಲ್ಲ.’ ನಾನು ಸರಿ ಎಂದೆ. ಅಪ್ಪ ಏನೂ ಹೇಳಲಿಲ್ಲ.

ನನ್ನ ವಾದ ಹೀಗಿತ್ತು. ನಾವು ಸುಳ್ಳು ಹೇಳುತ್ತಿಲ್ಲ, ಸುಮ್ಮನಿರುತ್ತೇವೆ. ಹಳೆಯ ಕಾರು ಕೊಳ್ಳುವವನು ತನ್ನ ಮೆಕ್ಯಾನಿಕ್ಕನ್ನು ಕರೆತರಲಿ. ಈ ವಾದ ಪೊಳ್ಳಲ್ಲ. ಕಾನೂನೂ ಸ್ವಲ್ಪ ದೂರ ಜೊತೆಗೆ ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆ ಬರುತ್ತದೆ. ರೋಗದ ಕುದುರೆಯೆಂದು ಗೊತ್ತಿದ್ದೂ ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದಾಗ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಗೊತ್ತಿರುವ ಸಂಗತಿಯನ್ನು ಮುಚ್ಚಿಡಲು ಕೈಯಾಡಿಸಿದರಂತೂ ಅದು ವಂಚನೆಯೇ.

ರಾತ್ರಿ ನನಗೆ ನಿದ್ದೆ ಕೆಡಿಸಿದ್ದು ಆ ಎರಡನೆಯ ಕುದುರೆ. ಕಾರು ಕೊಳ್ಳುವವನು ಕೀ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡುವುದೂ ಇದೇ ಪ್ರಶ್ನೆ ತಾನೆ? ದೀಪ ಉರಿಯದಿದ್ದರೆ ಚೆನ್ನಾಗಿದೆಯೆಂದು ತಿಳಿಯುತ್ತಾನೆ. ನೈಯಾಯಿಕರು ಇಲ್ಲಿ ನಗುತ್ತಾರೆ: ಹೊಗೆಯಿದ್ದಲ್ಲಿ ಬೆಂಕಿಯಿದೆ ನಿಜ, ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲ ಎನ್ನಲಾಗದು; ಕಾದ ಕಬ್ಬಿಣದ ಗುಂಡನ್ನು ಮುಟ್ಟಿ ನೋಡು. ತಪ್ಪು ಅನುಮಾನ ಅವನದು, ನನ್ನದಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಹೊಗೆಯನ್ನು ಬೀಸಣಿಗೆಯಿಂದ ಆಚೆ ಅಟ್ಟಿ, ನೋಡು ಎಂದು ಅವನನ್ನು ಕರೆದವನು ನಾನು. ಬಾನೆಟ್ಟಿನ ತುಕ್ಕಿನ ಬಗ್ಗೆ ಮಾತಾಡದಿರುವುದು ಬೇರೆ. ತುಕ್ಕು ಅಲ್ಲೇ ಇರುತ್ತದೆ, ಅವನಿಗೆ ಕಣ್ಣಿದೆ. (‘ಥೀಸಿಸ್ ಎಲ್ಲಿಗೆ ಬಂತು?’ ಎಂದು ಗೈಡ್ ಕೇಳಿದಾಗ ‘ನಡೀತಿದೆ ಸರ್’ ಎನ್ನುತ್ತೇನಲ್ಲ, ಅದು ಯಾವ ಜಾತಿಯದೆಂದು ಇನ್ನೂ ತೀರ್ಮಾನಿಸಿಲ್ಲ.)

ಮರುದಿನ ನಾನು ಇದನ್ನೆಲ್ಲ ಹೇಗೆ ಹೇಳಲಿ ಎಂದುಕೊಳ್ಳುವಷ್ಟರಲ್ಲಿ ಅಪ್ಪ ಹುಡುಗನಿಗೆ ಫೋನ್ ಮಾಡಿಯಾಗಿತ್ತು. ‘ನಾಳೆ ಬೆಳಿಗ್ಗೆ ಆರು ಗಂಟೆಗೇ ಬಾ ಮಾರಾಯ. ಎಂಜಿನ್ ತಣ್ಣಗಿರುವಾಗ ನೀನೇ ಸ್ಟಾರ್ಟ್ ಮಾಡು.’ ದೀಪವನ್ನು ಅವರು ಆರಿಸಿರಲೇ ಇಲ್ಲ. ಮೇಸ್ತ್ರಿಗೆ ಬೇಡವೆಂದು ಹೇಳಿ ಬಂದಿದ್ದರಂತೆ.

ಹುಡುಗ ಬಂದ. ಕಾರು ಅಂಗಳವೆಲ್ಲ ಅದುರುವಂತೆ ನಡುಗಿತು. 115ರ ಲೆಕ್ಕ ಅಪ್ಪ ಪಾಠ ಹೇಳುವ ಹಾಗೆ ಹೇಳಿದರು. ಅವನು ಕಾಫಿ ಕುಡಿದು, ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದು ಹೋದ. ಮೂರು ವಾರವಾಯಿತು, ಫೋನಿಲ್ಲ. ಮೆಸ್ಸಿನವರು ಎರಡು ಸಲ ಮಾಡಿದ್ದಾರೆ. ಅಪ್ಪನ ಮೇಲೆ ನನಗಿನ್ನೂ ಸ್ವಲ್ಪ ಸಿಟ್ಟಿದೆ.