ಸೋತವನಿಗೆ ಎರಡನೆಯ ಪೀಠ

ಸ್ಪರ್ಧೆ ಮುಗಿದ ಮೇಲೆ ಸ್ಪರ್ಧಿಗಳ ನಡುವೆ ಇರತಕ್ಕ ಸಂಬಂಧವೆಂಥದು ಎಂಬ ಪ್ರಶ್ನೆ ಪ್ರಜಾಪ್ರಭುತ್ವವಿರುವ ಎಲ್ಲ ದೇಶಗಳಲ್ಲಿಯೂ ಏಳುವುದಾದರೂ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅದಕ್ಕೆ ವಿಶೇಷವಾದ ಮೊನೆ ಬಂದಿದೆ. ಅಲ್ಲಿ ಅಧ್ಯಕ್ಷಪದವಿಯನ್ನು ಬಯಸುವವನು ಎರಡು ಯುದ್ಧಗಳನ್ನು ಮಾಡಬೇಕು. ಮೊದಲನೆಯದು ತನ್ನ ಪಕ್ಷದವರೊಡನೆಯೇ, ಎರಡನೆಯದು ಎದುರುಪಕ್ಷದವರೊಡನೆ. ಮೊದಲನೆಯದಕ್ಕೆ ಪ್ರಾಥಮಿಕ ಚುನಾವಣೆಯೆಂದು ಹೆಸರು. ಅದು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಾಗುತ್ತ ತಿಂಗಳುಗಟ್ಟಲೆ ನಡೆಯುತ್ತದೆ. ದಾಯಾದಿಗಳ ವ್ಯಾಜ್ಯದಲ್ಲಿ ಹೊರಬೀಳುವಂಥ ಮಾತುಗಳು ಪರರ ವ್ಯಾಜ್ಯದಲ್ಲಿ ಹೊರಬೀಳವು. ಏಕೆಂದರೆ ದಾಯಾದಿಗೆ ಮನೆಯ ಒಳಗು ತಿಳಿದಿರುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಹುಟ್ಟಿದ್ದು ಇಂಥ ವ್ಯಾಜ್ಯಗಳನ್ನು ಕಂಡೇ ಇರಬೇಕು. ಆ ಜಗಳ ತೀರಿದ ಮರುದಿನವೇ ಒಂದು ಕೂಗು ಏಳುತ್ತದೆ: ಗೆದ್ದವನು ಅಧ್ಯಕ್ಷಪದವಿಗೆ ನಿಲ್ಲಲಿ, ಸೋತವನು ಉಪಾಧ್ಯಕ್ಷಪದವಿಗೆ ನಿಲ್ಲಲಿ, ಇಬ್ಬರ ಹೆಸರೂ ಒಂದೇ ಚೀಟಿಯ ಮೇಲೆ ಬರಲಿ, ಪಕ್ಷವು ಒಂದಾಗಲಿ. ಕೇಳುವುದಕ್ಕೆ ಈ ಮಾತು ಇಂಪಾಗಿದೆ. ಅದು ಧರ್ಮವೂ ಹೌದೇ ಎಂಬುದು ಬೇರೆ ವಿಚಾರ.

ಮೊದಲಲ್ಲಿ ಇದು ಬರಿಯ ಕೂಗಾಗಿರಲಿಲ್ಲ, ಕಟ್ಟಳೆಯೇ ಆಗಿತ್ತು. ಆ ದೇಶದ ಮೂಲ ರಾಜ್ಯಾಂಗವಿಧಿಯಂತೆ ನಿರ್ವಾಚಕನೊಬ್ಬನಿಗೆ ಎರಡು ಮತಗಳು. ಹೆಚ್ಚು ಮತ ಪಡೆದವನು ಅಧ್ಯಕ್ಷ, ಅವನ ಕೆಳಗಿನವನು ಉಪಾಧ್ಯಕ್ಷ. ೧೭೯೬ರಲ್ಲಿ ಜಾನ್ ಆಡಮ್ಸನು ಗೆದ್ದನು. ಅವನನ್ನು ಎದುರಿಸಿ ಸೋತ ಥಾಮಸ್ ಜೆಫರ್ಸನ್ನನು ಕಟ್ಟಳೆಯ ಬಲದಿಂದಲೇ ಉಪಾಧ್ಯಕ್ಷನಾದನು. ಇಬ್ಬರೂ ಸ್ವಾತಂತ್ರ್ಯ ಸಂಗ್ರಾಮದ ಹಳೆಯ ಗೆಳೆಯರು. ಆದರೂ ಆ ನಾಲ್ಕು ವರ್ಷ ಒಬ್ಬನು ಆಳಿದನು, ಮತ್ತೊಬ್ಬನು ಅವನ ಆಳಿಕೆಯನ್ನು ಮುರಿಯುವ ಪಕ್ಷವನ್ನು ಕಟ್ಟಿದನು. ೧೮೦೦ರಲ್ಲಿ ಜೆಫರ್ಸನ್ನನಿಗೂ ಅವನ ಜೊತೆಗಾರನಾದ ಏರನ್ ಬರ್‌ನಿಗೂ ೭೩ ಮತಗಳಂತೆ ಸಮಸಮವಾಗಿ ಬಂದುವು. ತನ್ನನ್ನು ಜನರು ಬಯಸಿದ್ದು ಎರಡನೆಯ ಸ್ಥಾನಕ್ಕೆ ಎಂಬುದನ್ನು ಬಲ್ಲ ಬರ್ ಹಿಂದೆಗೆಯಲಿಲ್ಲ. ಪ್ರತಿನಿಧಿಸಭೆಯು ೩೬ ಸಾರಿ ಮತ ತೆಗೆದುಕೊಂಡ ಮೇಲೆ, ೧೮೦೧ರ ಫೆಬ್ರುವರಿಯಲ್ಲಿ, ಜೆಫರ್ಸನ್ನನು ಅಧ್ಯಕ್ಷನಾದನು. ೧೮೦೪ರಲ್ಲಿ ಹನ್ನೆರಡನೆಯ ತಿದ್ದುಪಡಿಯಿಂದ ಎರಡು ಪದವಿಗಳಿಗೂ ಬೇರೆ ಬೇರೆ ಮತವೆಂದು ಗೊತ್ತಾಯಿತು. (ಅದೇ ವರ್ಷ ಉಪಾಧ್ಯಕ್ಷನಾಗಿದ್ದಾಗಲೇ ಬರ್ ಹ್ಯಾಮಿಲ್ಟನ್ನನನ್ನು ದ್ವಂದ್ವಯುದ್ಧದಲ್ಲಿ ಕೊಂದನು; ಎರಡನೆಯ ಪೀಠವು ಮನುಷ್ಯನ ಮನಸ್ಸನ್ನು ಶಾಂತಗೊಳಿಸುತ್ತದೆಂದು ಹೇಳುವವರು ಇದನ್ನು ನೆನೆಯಬಹುದು.) ಹೀಗೆ ಕಟ್ಟಳೆಯು ಬಿಟ್ಟುಕೊಟ್ಟದ್ದನ್ನು ಪಕ್ಷಗಳು ತಮ್ಮ ಅನುಕೂಲಕ್ಕಾಗಿ ಆಗಾಗ ಮರಳಿ ತರುತ್ತವೆ.

ಈ ಪ್ರಶ್ನೆಯ ನೈತಿಕ ತಿರುಳು ಹೊರಬಿದ್ದದ್ದು ೨೦೦೮ರಲ್ಲಿ. ಆ ವರ್ಷ ಡೆಮೊಕ್ರಾಟಿಕ್ ಪಕ್ಷದಲ್ಲಿ ಬರಾಕ್ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ಜನವರಿಯಿಂದ ಜೂನ್‌ವರೆಗೆ ಸೆಣಸಿದರು. ಇಬ್ಬರಿಗೂ ಒಂದು ಕೋಟಿ ಎಂಬತ್ತು ಲಕ್ಷದ ಆಸುಪಾಸಿನಲ್ಲಿ ಮತಗಳು ಬಂದುವು. ನಡುರಾತ್ರಿ ಕಳೆದು ಮೂರು ಗಂಟೆಗೆ ಅಧ್ಯಕ್ಷನ ಮನೆಯಲ್ಲಿ ದೂರವಾಣಿ ಮೊಳಗಿದರೆ ಅದನ್ನು ಎತ್ತಿಕೊಳ್ಳುವ ಯೋಗ್ಯತೆ ಯಾರಿಗುಂಟು ಎಂದು ಕ್ಲಿಂಟನ್ ಪಕ್ಷದವರು ಜಾಹೀರಾತಿನಲ್ಲಿ ಕೇಳಿದರು. ಒಬಾಮಾಗೆ ಆ ಯೋಗ್ಯತೆ ಇನ್ನೂ ಬಂದಿಲ್ಲವೆಂಬುದು ಅದರ ಇಂಗಿತ. ಅದೇ ದಿನಗಳಲ್ಲಿ, ತಾವು ಗೆದ್ದರೆ ಒಬಾಮಾರನ್ನು ಉಪಾಧ್ಯಕ್ಷಪದವಿಗೆ ಜೊತೆಮಾಡಿಕೊಳ್ಳಬಹುದೆಂಬ ಸೂಚನೆಯೂ ಅದೇ ಕಡೆಯಿಂದ ಬಂದಿತು. ಮಾರ್ಚ್ ೧೦ರಂದು ಮಿಸಿಸಿಪ್ಪಿಯ ಕೊಲಂಬಸ್ಸಿನ ಸಭೆಯಲ್ಲಿ ಒಬಾಮಾ ಇದಕ್ಕೆ ಉತ್ತರವಿತ್ತರು. ಎರಡನೆಯ ಸ್ಥಾನದಲ್ಲಿರುವವರು ಮೊದಲನೆಯ ಸ್ಥಾನದಲ್ಲಿರುವವನಿಗೆ ಉಪಾಧ್ಯಕ್ಷಪದವಿಯನ್ನು ಹೇಗೆ ನೀಡುತ್ತಾರೆಂಬುದು ಅವರ ಮೊದಲ ಮಾತು, ಅದರಲ್ಲಿ ವಿನೋದವಿತ್ತು. ಎರಡನೆಯ ಮಾತಿನಲ್ಲಿ ವಿನೋದಕ್ಕಿಂತ ಹೆಚ್ಚಿನದಿತ್ತು: ತಾನು ಅಧಿಕಾರಕ್ಕೆ ಸಿದ್ಧನಲ್ಲವೆಂಬುದು ನಿಜವಾದರೆ ತನ್ನನ್ನು ಉಪಾಧ್ಯಕ್ಷನನ್ನಾಗಿ ಮಾಡುವುದೇಕೆ?

ಈ ಕೇಳಿಕೆಗೆ ಸಮಾಧಾನ ಹೇಳುವುದು ಕಷ್ಟ. ಉಪಾಧ್ಯಕ್ಷಪದವಿಯು ದಿನನಿತ್ಯದಲ್ಲಿ ಬಲು ಸಣ್ಣದು. ಸೆನೆಟ್ ಸಭೆಯ ಅಧ್ಯಕ್ಷತೆ, ಮತಗಳು ಸಮನಾದಾಗ ಒಂದು ಮತ, ಇಷ್ಟೇ ರಾಜ್ಯಾಂಗವು ಅದಕ್ಕೆ ಕೊಟ್ಟ ಕೆಲಸ. ಮೊತ್ತಮೊದಲು ಅದನ್ನು ವಹಿಸಿದ ಆಡಮ್ಸನೇ ಇದಕ್ಕಿಂತ ಕ್ಷುಲ್ಲಕವಾದ ಅಧಿಕಾರವನ್ನು ಮನುಷ್ಯನ ಬುದ್ಧಿ ಕಲ್ಪಿಸಿಲ್ಲವೆಂಬ ಅರ್ಥದಲ್ಲಿ ತನ್ನ ಹೆಂಡತಿಗೆ ಬರೆದನು. ಆದರೆ ಅಧ್ಯಕ್ಷನು ಸತ್ತ ಗಳಿಗೆಯಲ್ಲಿ ಆ ಸಣ್ಣ ಪದವಿಯೇ ದೊಡ್ಡದಾಗುತ್ತದೆ. ೨೦೨೫ರವರೆಗೆ ಆ ಪದವಿಯನ್ನು ಪಡೆದ ೫೦ ಮಂದಿಯಲ್ಲಿ ೯ ಮಂದಿ ಹೀಗೆ ನಡುವೆಯೇ ಅಧ್ಯಕ್ಷರಾದರು. ಎಂಟು ಸಲ ಅಧ್ಯಕ್ಷನ ಮರಣದಿಂದ, ಒಂದು ಸಲ ರಾಜೀನಾಮೆಯಿಂದ. ಆದುದರಿಂದ ಎರಡನೆಯ ಪೀಠವನ್ನು ಸಂಧಾನದ ದಕ್ಷಿಣೆಯೆಂದು ಕೊಡುವವನು, ತನ್ನದಲ್ಲದ ಒಂದು ವಸ್ತುವನ್ನು ದಾನಮಾಡುತ್ತಾನೆ.

ಇದರಿಂದ ಸ್ಪರ್ಧಿಸಿದವರು ಜೊತೆಗೂಡಲೇ ಬಾರದೆಂದು ಅರ್ಥವೆ? ಹಾಗಲ್ಲ. ಸ್ಪರ್ಧೆಯಲ್ಲಿ ಆಡುವ ಮಾತುಗಳಲ್ಲಿ ಎರಡು ಬಗೆಯುಂಟು. ಇವನ ನೀತಿ ತಪ್ಪು ಎಂಬುದೊಂದು. ಇವನು ಆ ಪೀಠಕ್ಕೆ ಅರ್ಹನಲ್ಲ ಎಂಬುದಿನ್ನೊಂದು. ಮೊದಲನೆಯ ಬಗೆಯ ಮಾತನ್ನಾಡಿದವನು ಸೋತ ಮೇಲೆ, ಬಹುಮತವು ಬೇರೆ ಹಾದಿಯನ್ನು ಆರಿಸಿತೆಂದು ಒಪ್ಪಿ ಆ ಹಾದಿಯಲ್ಲಿ ನಡೆಯಬಹುದು, ಅದರಲ್ಲಿ ಅಸತ್ಯವಿಲ್ಲ. ೧೯೮೦ರಲ್ಲಿ ಜಾರ್ಜ್ ಬುಷ್‌ನು ರೊನಾಲ್ಡ್ ರೇಗನ್ನನ ತೆರಿಗೆಯ ಲೆಕ್ಕವನ್ನು ಮಾಟಗಾರರ ಅರ್ಥಶಾಸ್ತ್ರವೆಂದು ಹಾಸ್ಯಮಾಡಿದನು. ಬೇಸಗೆಯಲ್ಲಿ ಡೆಟ್ರಾಯಿಟ್ಟಿನ ಮಹಾಸಭೆಯಲ್ಲಿ ರೇಗನ್ನನು ಅವನನ್ನೇ ಕರೆದಾಗ ಹೋದನು; ಎಂಟು ವರ್ಷ ಸೇವೆ ಮಾಡಿದನು. ಆ ಮಾತು ನುಂಗುವಾಗ ಗಂಟಲು ಉರಿದಿರಬಹುದು. ಆದರೆ ಅದು ನುಂಗಬಲ್ಲ ಮಾತು. ಎರಡನೆಯ ಬಗೆಯ ಮಾತಿಗೆ ಈ ಬಿಡುಗಡೆಯಿಲ್ಲ. ಇಂಥವನ ಕೈಯಲ್ಲಿ ದೇಶವು ಸುರಕ್ಷಿತವಲ್ಲವೆಂದು ನೂರು ಸಭೆಗಳಲ್ಲಿ ಸಾರಿದವನು, ನೂರೊಂದನೆಯ ಸಭೆಯಲ್ಲಿ ಅವನ ಕೈಯನ್ನು ಮೇಲೆತ್ತಿ ಹಿಡಿದರೆ, ಹಿಂದಿನದು ಸುಳ್ಳಾಗಿರಬೇಕು ಅಥವಾ ಈಗಿನದು ಸುಳ್ಳಾಗಿರಬೇಕು. ಮತದಾತನು ದಡ್ಡನಲ್ಲ, ಎರಡೂ ಸುಳ್ಳೆಂದು ಬಗೆಯುತ್ತಾನೆ. ಚುನಾವಣೆಯಲ್ಲಿ ಆಡುವ ಮಾತಿಗೆ ಬೆಲೆಯಿಲ್ಲವೆಂಬ ಈ ತೀರ್ಮಾನಕ್ಕೆ ಜನರು ಬಂದರೆ ಆಗುವ ಹಾನಿ ಒಂದು ಪಕ್ಷದ ಸೋಲುಗೆಲವುಗಳಿಗಿಂತ ದೊಡ್ಡದು. ೨೦೦೮ರಲ್ಲಿ ಒಬಾಮಾ ಕೊನೆಗೆ ಆರಿಸಿದ ಜೋ ಬೈಡನ್ ಕೂಡ ಅದೇ ಸ್ಪರ್ಧೆಯಲ್ಲಿ ನಿಂತು ಮೊದಲ ಹೆಜ್ಜೆಯಲ್ಲಿಯೇ ಹಿಂದೆಗೆದವರು. ಒಬಾಮಾಗೆ ಅನುಭವ ಸಾಲದೆಂದು ೨೦೦೭ರಲ್ಲಿ ಅವರೂ ನುಡಿದಿದ್ದರು. ಎದುರುಪಕ್ಷದವರು ಆ ನುಡಿಯನ್ನು ಹೆಕ್ಕಿ ತೆಗೆದು ಪ್ರದರ್ಶಿಸಿದರು. ಆ ಜೋಡಿ ಗೆದ್ದಿತು ನಿಜ. ಗೆಲವು ಆ ನುಡಿಗೆ ಉತ್ತರವಾಗಲಿಲ್ಲ.

ಒಲ್ಲದ ಮನಸ್ಸಿನ ಜೊತೆಗಾರಿಕೆ ಎಂಥದೆಂಬುದು ಕನ್ನಡ ವಾಚಕರಿಗೆ ಹೊಸದಲ್ಲ. ಕರ್ಣನ ರಥದ ಮೇಲೆ ಶಲ್ಯನನ್ನು ಕೂರಿಸಿದ ದುರ್ಯೋಧನನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅರ್ಜುನನಿಗೆ ಕೃಷ್ಣನಿದ್ದಂತೆ ಕರ್ಣನಿಗೂ ಒಬ್ಬ ಸಮರ್ಥನಾದ ಸಾರಥಿ ಬೇಕು, ಶಲ್ಯನು ಸಮರ್ಥನು, ಆದುದರಿಂದ ಶಲ್ಯನು ಬೇಕು. ಆದರೆ ಆ ಮದ್ರರಾಜನು ಬಾಯಿಗೆ ಬಂದುದನ್ನು ಆಡುವೆನೆಂಬ ಷರತ್ತಿನ ಮೇಲೆ ಕುದುರೆಯ ಹಗ್ಗ ಹಿಡಿದನು, ದಾರಿಯುದ್ದಕ್ಕೂ ಹಳಿದನು. ಸರ್ಪಾಸ್ತ್ರದ ಗುರಿ ಸರಿಯಿಲ್ಲವೆಂದು ಅವನು ಎಚ್ಚರಿಸಿದಾಗ ಆ ಮಾತು ನಿಜವಾಗಿತ್ತು. ಕರ್ಣನು ಕೇಳಲಿಲ್ಲ. ಒಮ್ಮೆ ಹಿಡಿದ ಗುರಿಯನ್ನು ಬದಲಿಸೆನೆಂಬ ಛಲ ಅವನದು. ಅದೂ ಅಲ್ಲದೆ ಹಗಲೆಲ್ಲ ಹೀಯಾಳಿಸಿದ ನಾಲಗೆಯಿಂದ ಹಿತವಚನ ಬಂದರೆ ಅದು ಹಿತವಾಗಿ ಕೇಳಿಸುವುದೆಂತು? ಶಲ್ಯನು ಸುಳ್ಳು ಹೇಳಿದ್ದರಿಂದಲ್ಲ, ನಿಜ ಹೇಳಿದಾಗಲೂ ನಂಬಿಸಲಾರದ ಸ್ಥಿತಿಗೆ ಬಂದಿದ್ದುದರಿಂದ ರಥಕ್ಕೆ ಕೇಡಾಯಿತು.

ಜೊತೆಗಾರಿಕೆಯನ್ನು ಬಯಸುವವರ ಬಲವಾದ ವಾದವೊಂದುಂಟು. ಸೋತವನಿಗೆ ಮತ ಕೊಟ್ಟವರ ಗತಿಯೇನು? ಒಂದು ಕೋಟಿ ಎಂಬತ್ತು ಲಕ್ಷ ಜನರು ಕೊನೆಗೆ ಬರಿಗೈಯಲ್ಲಿ ಮನೆಗೆ ಹೋಗಬೇಕೆ? ಈ ನೋವು ಸುಳ್ಳಲ್ಲ. ೧೯೭೬ರಲ್ಲಿ ಜೆರಾಲ್ಡ್ ಫೋರ್ಡನು ಕೇವಲ ೧೧೮೭ಕ್ಕೆ ೧೦೭೦ ಮತಗಳಿಂದ ರೇಗನ್ನನನ್ನು ಮಹಾಸಭೆಯಲ್ಲಿ ಸೋಲಿಸಿ, ಅವನನ್ನು ಬಿಟ್ಟು ಬಾಬ್ ಡೋಲನನ್ನು ಜೊತೆಗೆ ತೆಗೆದುಕೊಂಡು, ಕಾರ್ಟರನಿಗೆ ಸೋತದ್ದನ್ನು ಈ ವಾದದವರು ಉದಾಹರಿಸುವರು. ಆದರೆ ಮತವೆಂಬುದು ಉಮೇದುವಾರನ ಸ್ವತ್ತಲ್ಲ. ಅದನ್ನು ಅವನು ಪದವಿಗೆ ವಿನಿಮಯ ಮಾಡಿಕೊಳ್ಳುವುದು ನ್ಯಾಯವಲ್ಲ. ಗೆದ್ದವನು ಸೋತವನ ಜನರಿಗೆ ಸಾಲಗಾರನೇ ಸರಿ. ಆ ಸಾಲವನ್ನು ಆ ಜನರು ಬಯಸಿದ ಕೆಲಸದಿಂದ ತೀರಿಸಬೇಕು. ಮುಖಂಡನಿಗೆ ಪೀಠ ಕೊಟ್ಟು ಜನರಿಗೆ ಕೊಟ್ಟೆನೆಂದು ಲೆಕ್ಕ ಬರೆಯುವುದು, ಮಗುವಿನ ಹಸಿವಿಗೆ ದಾದಿಗೆ ಊಟ ಹಾಕಿದಂತೆ.

ಇನ್ನೊಂದು ನಷ್ಟವೂ ಇದೆ. ಜೊತೆಗೂಡಿದವನ ಬಾಯಿ ಕಟ್ಟುತ್ತದೆ. ಕಮಲಾ ಹ್ಯಾರಿಸ್ ೨೦೧೯ರ ಜೂನಿನಲ್ಲಿ ಮಯಾಮಿಯ ಚರ್ಚೆಯಲ್ಲಿ, ಶಾಲಾಮಕ್ಕಳ ವರ್ಣಭೇದದ ವಿಚಾರವಾಗಿ ಬೈಡನ್ನರ ಹಳೆಯ ನಿಲುವನ್ನು ಮುಖದೆದುರಿಗೇ ಖಂಡಿಸಿದರು. ಅದು ನೀತಿಯ ಖಂಡನೆ. ಮರುವರ್ಷ ಅವರು ಜೊತೆಗೂಡಿದ್ದರಲ್ಲಿ ದೋಷವಿಲ್ಲ. ೨೦೨೪ರ ಜುಲೈ ೨೧ರಂದು ಬೈಡನ್ ಹಿಂದೆಗೆದಾಗ ಉಮೇದುವಾರಿಕೆ ಹ್ಯಾರಿಸ್ಸರಿಗೆ ಬಂದಿತು. ಬೈಡನ್ನರಿಗಿಂತ ಬೇರೆಯಾಗಿ ಏನು ಮಾಡುತ್ತಿದ್ದಿರೆಂದು ದೂರದರ್ಶನದಲ್ಲಿ ಕೇಳಿದಾಗ, ಏನೂ ತೋಚುತ್ತಿಲ್ಲವೆಂಬುದೇ ಅವರ ಉತ್ತರವಾಯಿತು. ಐದು ವರ್ಷಗಳ ಹಿಂದೆ ಅವರಿಗೆ ಧಾರಾಳವಾಗಿ ತೋಚಿತ್ತು. ಆ ವರ್ಷದ ನವೆಂಬರಿನಲ್ಲಿ ಅವರು ಸೋತರು. ಸೋಲಿಗೆ ಕಾರಣಗಳು ಹಲವು, ಆದರೆ ಈ ಮೌನವು ಜೊತೆಗಾರಿಕೆಯ ಬೆಲೆ ಎಂಬುದರಲ್ಲಿ ಸಂದೇಹವಿಲ್ಲ.

ಸೋತವನ ಯೋಗ್ಯತೆಯನ್ನು ದೇಶಕ್ಕೆ ಉಪಯೋಗಿಸಿಕೊಳ್ಳಲು ಇನ್ನೊಂದು ಹಾದಿಯುಂಟು, ಅದು ಮಂತ್ರಿಪದವಿ. ೧೮೬೦ರಲ್ಲಿ ತನ್ನನ್ನು ಎದುರಿಸಿದ ಸೀವರ್ಡ್, ಚೇಸ್, ಬೇಟ್ಸ್, ಕ್ಯಾಮೆರನ್ ಎಂಬ ನಾಲ್ವರನ್ನೂ ಲಿಂಕನ್ನನು ಮಂತ್ರಿಗಳನ್ನಾಗಿ ಮಾಡಿಕೊಂಡನು. ಕ್ಲಿಂಟನ್ ೨೦೦೯ರಲ್ಲಿ ಒಬಾಮಾರ ವಿದೇಶಾಂಗ ಮಂತ್ರಿಯಾಗಿ ನಾಲ್ಕು ವರ್ಷ ಗೌರವದಿಂದ ಕೆಲಸಮಾಡಿದರು. ಮಂತ್ರಿಯಾದವನಿಗೆ ನಿಜವಾದ ಕೆಲಸವಿರುತ್ತದೆ. ಒಗ್ಗದಿದ್ದರೆ ಅಧ್ಯಕ್ಷನು ಅವನನ್ನು ತೆಗೆಯಬಹುದು, ಲಿಂಕನ್ನನು ಚೇಸನ ರಾಜೀನಾಮೆಯನ್ನು ೧೮೬೪ರಲ್ಲಿ ಸ್ವೀಕರಿಸಿದಂತೆ. ಉಪಾಧ್ಯಕ್ಷನನ್ನು ಮಾತ್ರ ಅಧ್ಯಕ್ಷನು ತೆಗೆಯಲಾರನು. ಅದೇ ಲಿಂಕನ್ನನು ೧೮೬೪ರಲ್ಲಿ ಐಕ್ಯದ ಹೆಸರಿನಲ್ಲಿ ಎದುರುಪಕ್ಷದ ಆಂಡ್ರೂ ಜಾನ್ಸನ್ನನೊಡನೆ ನಿಂತನು. ಜಾನ್ಸನ್ನನು ಪದವಿಗೇರಿದ ಆರು ವಾರಗಳಲ್ಲಿ ಲಿಂಕನ್ನನ ಕೊಲೆಯಾಗಿ, ಬಿಡುಗಡೆ ಹೊಂದಿದ ಗುಲಾಮರ ಭವಿಷ್ಯವು ಆ ಜಾನ್ಸನ್ನನ ಕೈಗೆ ಬಿದ್ದಿತು. ಚೀಟಿಯ ಮೇಲಿನ ಐಕ್ಯಕ್ಕೆ ಅವರು ತೆತ್ತ ಬೆಲೆಯನ್ನು ಯಾರೂ ಲೆಕ್ಕ ಹಾಕಿ ಮುಗಿಸಿಲ್ಲ.

ಈ ವಾದಕ್ಕೆಲ್ಲ ಎದುರಾಗಿ ನಿಲ್ಲುವುದು ೧೯೬೦ರ ಜೋಡಿ. ಲಿಂಡನ್ ಜಾನ್ಸನ್ನನು ಲಾಸ್ ಏಂಜಲೀಸಿನ ಮಹಾಸಭೆಯಲ್ಲಿ ಜಾನ್ ಕೆನೆಡಿಯನ್ನು ಎದುರಿಸಿ, ೮೦೬ಕ್ಕೆ ೪೦೯ ಮತಗಳಿಂದ ಸೋತನು. ಕೆನೆಡಿಯ ಗುಪ್ತವಾದ ರೋಗವನ್ನು ಬಯಲಿಗೆಳೆಯಲು ಅವನ ಕಡೆಯವರು ಯತ್ನಿಸಿದ್ದರು. ಇದು ಎರಡನೆಯ ಬಗೆಯ ಮಾತೇ. ಹಾಗಿದ್ದರೂ ಕೆನೆಡಿ ಅವನನ್ನು ಕರೆದನು. ತಮ್ಮನಾದ ರಾಬರ್ಟ್ ಕೆನೆಡಿಗೆ ಅದು ಸರಿಬೀಳಲಿಲ್ಲ. ಜಾನ್ಸನ್ನನ ಟೆಕ್ಸಸ್ ಸಂಸ್ಥಾನವೂ ಕೈಗೂಡಿ, ಇಡೀ ದೇಶದಲ್ಲಿ ಸುಮಾರು ಒಂದು ಲಕ್ಷ ಹನ್ನೆರಡು ಸಾವಿರ ಮತಗಳ ಅಂತರದಿಂದ ಆ ಜೋಡಿ ಗೆದ್ದಿತು. ಮೂರು ವರ್ಷ ಜಾನ್ಸನ್ನನು ಮೂಲೆಯಲ್ಲಿ ಕುಳಿತು ಕುದಿದನು. ಆಮೇಲೆ ಅಧ್ಯಕ್ಷನಾಗಿ, ಕೆನೆಡಿಯಿಂದ ಆಗದೆ ಉಳಿದಿದ್ದ ನಾಗರಿಕ ಹಕ್ಕುಗಳ ಶಾಸನವನ್ನು ೧೯೬೪ರಲ್ಲಿಯೂ, ಕರಿಯರ ಮತದಾನದ ಹಕ್ಕನ್ನು ಕಾಯುವ ಶಾಸನವನ್ನು ೧೯೬೫ರಲ್ಲಿಯೂ ಅಂಗೀಕಾರವಾಗುವಂತೆ ಮಾಡಿದನು. ವಿಯೆಟ್ನಾಮಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಂದು ನಿಲ್ಲಿಸಿದವನೂ ಅವನೇ. ಕೆನೆಡಿಯ ಎಣಿಕೆಯು ಮತಗಳದ್ದಾಗಿತ್ತೆಂಬುದನ್ನು ಅಲ್ಲಗಳೆಯಲಾಗದು; ಆದರೆ ಸೆನೆಟ್ಟನ್ನು ವರ್ಷಗಟ್ಟಲೆ ನಡೆಸಿದ ಸಮರ್ಥನ ಕೈಗೆ ಉತ್ತರಾಧಿಕಾರವನ್ನು ಇಡುತ್ತಿದ್ದೇನೆಂಬುದೂ ಅವನಿಗೆ ತಿಳಿದಿತ್ತು. ಆ ತಿಳಿವಿಲ್ಲದೆ ಮಾಡಿದ್ದರೆ ಅದು ಜೂಜಾಗುತ್ತಿತ್ತು.

ಜಾನ್ಸನ್ನನಿಗಿಂತ ಮೊದಲು ಟೆಕ್ಸಸ್ಸಿನಿಂದ ಇದೇ ರೀತಿಯಲ್ಲಿ ಬಂದವನು ಜಾನ್ ಗಾರ್ನರ್. ೧೯೩೨ರಲ್ಲಿ ಷಿಕಾಗೋದ ಮಹಾಸಭೆಯಲ್ಲಿ ಅವನು ಫ್ರಾಂಕ್ಲಿನ್ ರೂಸ್‌ವೆಲ್ಟನಿಗೆ ಎದುರಾಳಿ. ನಾಲ್ಕನೆಯ ಸುತ್ತಿನಲ್ಲಿ ತನ್ನ ಪ್ರತಿನಿಧಿಗಳನ್ನು ಬಿಟ್ಟುಕೊಟ್ಟನು, ಎರಡನೆಯ ಪೀಠವನ್ನು ಪಡೆದನು. ೧೯೩೭ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೆಚ್ಚು ನ್ಯಾಯಾಧೀಶರನ್ನು ತುಂಬಲು ರೂಸ್‌ವೆಲ್ಟ್ ಹೊರಟಾಗ ಗಾರ್ನರ್ ಜಗಳದ ನಡುವೆಯೇ ರಾಜಧಾನಿಯನ್ನು ಬಿಟ್ಟು ಟೆಕ್ಸಸ್ಸಿಗೆ ಹೊರಟುಹೋದನು. ೧೯೪೦ರಲ್ಲಿ, ಇನ್ನೂ ಉಪಾಧ್ಯಕ್ಷನಾಗಿದ್ದಾಗಲೇ, ಅಧ್ಯಕ್ಷನಿಗೆ ಎದುರಾಗಿ ನಿಂತು ಸೋತನು; ಯುವಾಲ್ಡೆ ಎಂಬ ತನ್ನ ಊರಿಗೆ ಮರಳಿ ಬಹುಕಾಲ ಬದುಕಿದನು. ೧೯೬೩ರ ನವೆಂಬರ್ ೨೨ ಅವನ ತೊಂಬತ್ತೈದನೆಯ ಹುಟ್ಟುಹಬ್ಬ. ಟೆಕ್ಸಸ್ಸಿನಲ್ಲಿ ಒಡೆದು ಹೋಳಾಗಿದ್ದ ತನ್ನ ಪಕ್ಷವನ್ನು ಕೂಡಿಸುವ ಉದ್ದೇಶವನ್ನೂ ಇಟ್ಟುಕೊಂಡು ಆ ಸಂಸ್ಥಾನಕ್ಕೆ ಬಂದಿದ್ದ ಕೆನೆಡಿ, ಬೆಳಗ್ಗೆ ಆ ಮುದುಕನಿಗೆ ದೂರವಾಣಿಯಲ್ಲಿ ಶುಭ ಹಾರೈಸಿದನು. ಅಲ್ಲಿಂದ ಡಲ್ಲಾಸಿಗೆ ಹೋದನು. ಮಧ್ಯಾಹ್ನ ಮೂರು ಗಂಟೆಯೊಳಗೆ ಡಲ್ಲಾಸಿನ ನಿಲ್ದಾಣದಲ್ಲಿ ನಿಂತಿದ್ದ ವಿಮಾನದೊಳಗೆ ಜಾನ್ಸನ್ನನು ಅಧ್ಯಕ್ಷಪದವಿಯ ಪ್ರಮಾಣ ಮಾಡಿದನು.