ಒಬ್ಬನ ಅಳತೆಗೆ ಮಾಡಿದ ಸೈಕಲ್ಲು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳ ರೈತರು ಸೈಕಲ್ಲಿನ ಮೇಲೆ ಗೂಡಿನ ಮೂಟೆ ಹೇರಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಆ ಸೈಕಲ್ಲುಗಳೆಲ್ಲ ಕಾರ್ಖಾನೆಯಿಂದ ಒಂದೇ ಅಚ್ಚಿನಲ್ಲಿ ಬಂದ ಕಪ್ಪು ಸೈಕಲ್ಲುಗಳೇ. ಆದರೂ ಹತ್ತಿರ ನಿಂತು ನೋಡಿದವರಿಗೆ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದಕ್ಕೆ ಹಿಂದಿನ ಕ್ಯಾರಿಯರ್ ಅಗಲ ಮಾಡಿಸಿ ಕಬ್ಬಿಣದ ಸಲಾಕೆಗಳ ಆಸರೆ ಕೊಡಿಸಿರುತ್ತಿದ್ದರು. ಇನ್ನೊಂದಕ್ಕೆ ಹಾಲಿನ ಕ್ಯಾನು ನೇತುಹಾಕಲು ಎರಡೂ ಪಕ್ಕಕ್ಕೆ ಕೊಂಡಿ. ಮತ್ತೊಂದಕ್ಕೆ ಮುಂದಿನ ಫೋರ್ಕು ಬಾಗದಂತೆ ಜೋಡು ಸಲಾಕೆ. ಊರಿನ ವೆಲ್ಡಿಂಗ್ ಅಂಗಡಿಯವನು ಹೊರೆಯ ಭಾರ ಕೇಳಿ, ಸವಾರನ ಎತ್ತರ ನೋಡಿ ಅದನ್ನು ಮಾಡಿಕೊಡುತ್ತಿದ್ದನು. ಅದನ್ನು ಯಾರೂ ಕಲೆಯೆಂದು ಕರೆಯಲಿಲ್ಲ, ಮಾಡಿಸಿದವನನ್ನು ಶೋಕಿಲಾಲನೆಂದೂ ಹೇಳಲಿಲ್ಲ.

ಇಂದು ಅದೇ ಕೆಲಸ ಬೇರೊಂದು ರೂಪದಲ್ಲಿ ಶ್ರೀಮಂತರ ಹವ್ಯಾಸವಾಗಿದೆ. ಇಂಗ್ಲೆಂಡ್, ಇಟಲಿ, ಜಪಾನ್, ಅಮೆರಿಕ ಮೊದಲಾದ ದೇಶಗಳಲ್ಲಿ ಒಬ್ಬ ಗಿರಾಕಿಗಾಗಿ ಒಂದೇ ಚೌಕಟ್ಟನ್ನು ಕೈಯಿಂದ ಕಟ್ಟುವ ಕುಶಲಕರ್ಮಿಗಳಿದ್ದಾರೆ. ಗಿರಾಕಿಯ ಕಾಲು, ತೋಳು, ಮುಂಡದ ಅಳತೆಯನ್ನು ಮೊದಲು ತೆಗೆದುಕೊಳ್ಳುತ್ತಾರೆ. ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳುವಾಗಿರುವ ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಒಂದರ ಬಾಯಿ ಇನ್ನೊಂದರ ಮೈಗೆ ಕೂದಲೆಳೆಯ ಸಂದೂ ಉಳಿಯದಂತೆ ಕೂಡುವವರೆಗೆ ಅರದಿಂದ ಉಜ್ಜುತ್ತಾರೆ. ಬಳಿಕ ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆ. ರೆನಾಲ್ಡ್ಸ್ ಸಂಸ್ಥೆಯು 1935ರಲ್ಲಿ ಹೊರತಂದ 531 ಎಂಬ ಕೊಳವೆ ಈ ಕಸುಬಿನವರಲ್ಲಿ ಇಂದಿಗೂ ಗೌರವದಿಂದ ನೆನೆಯಲ್ಪಡುತ್ತದೆ. ಹೆಸರಾಂತ ಕುಶಲಕರ್ಮಿಯ ಕೈಯ ಸೈಕಲ್ಲಿಗಾಗಿ ಗಿರಾಕಿಗಳು ವರ್ಷಗಟ್ಟಲೆ ಕಾಯುವುದುಂಟು. ಬೆಲೆಯೋ ಸಾಮಾನ್ಯ ಸೈಕಲ್ಲಿನ ಹತ್ತಾರು ಪಟ್ಟು. ಎರಡು ಚಕ್ರ, ಒಂದು ಸರಪಳಿಯ ವಾಹನಕ್ಕೆ ಇಷ್ಟು ಕಾಯುವಿಕೆ, ಇಷ್ಟು ವೆಚ್ಚ ಏತಕ್ಕೆ? ಇದು ಸದಭಿರುಚಿಯೋ, ಅಥವಾ ಪರಿಗ್ರಹವು ತೊಟ್ಟ ಹೊಸ ವೇಷವೋ ಎಂಬುದು ವಿಚಾರಣೀಯವಾದ ಪ್ರಶ್ನೆ.

ವಿಚಿತ್ರ ಆಕಾರದ ಚೌಕಟ್ಟುಗಳ ಚರಿತ್ರೆಯು ಈ ಪ್ರಶ್ನೆಗೆ ಸ್ವಲ್ಪ ಬೆಳಕು ನೀಡುತ್ತದೆ. ಡೆನ್ಮಾರ್ಕಿನವನಾಗಿ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ ನೆಲೆಸಿದ ಮಿಕೇಲ್ ಪೆಡರ್ಸನ್ ಎಂಬಾತನಿಗೆ ಆ ಕಾಲದ ಗಟ್ಟಿ ಸೀಟು ಹಿಂಸೆಯಾಗಿ, ಹುರಿಯಿಂದ ಹೆಣೆದ ತೊಟ್ಟಿಲಿನಂಥ ಸೀಟೊಂದನ್ನು ಕಲ್ಪಿಸಿದನು. ಅದನ್ನು ತೂಗುಹಾಕಲು ರೂಢಿಯ ಚೌಕಟ್ಟು ಒದಗದೆ, ಸಣ್ಣ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿ ಬೇರೆಯೇ ಚೌಕಟ್ಟನ್ನು ರಚಿಸಿ 1893ರಲ್ಲಿ ಹಕ್ಕುಪತ್ರ ಪಡೆದನು. ನೋಡುವವರಿಗೆ ಜೇಡರ ಬಲೆಯಂತೆ ಕಾಣುವ ಆ ಸೈಕಲ್ಲಿನ ವೈಚಿತ್ರ್ಯವೆಲ್ಲ ಹುಟ್ಟಿದ್ದು ಸೀಟಿನಿಂದ ಒಬ್ಬನಿಗಾದ ಹಿಂಸೆಯ ಪರಿಹಾರಕ್ಕಾಗಿ. ಹಾಗೆಯೇ ಅಮೆರಿಕದ ಜಾರ್ಜಿನಾ ಟೆರಿ ಎಂಬಾಕೆ ಗಿಡ್ಡ ನಿಲುವಿನ ಹೆಂಗಸರಿಗೆ ಕಾರ್ಖಾನೆಯ ಸೈಕಲ್ಲುಗಳು ಒಗ್ಗುವುದಿಲ್ಲವೆಂಬುದನ್ನು ಕಂಡು, ಮುಂದಿನ ಚಕ್ರ ಚಿಕ್ಕದಾಗಿರುವ ಸೈಕಲ್ಲುಗಳ ತಯಾರಿಕೆಯನ್ನು 1985ರಲ್ಲಿ ಉದ್ಯಮವಾಗಿ ನಡೆಸಿದಳು.

ಇನ್ನೊಂದು ಬಗೆಯೂ ಇದೆ. 1930ರ ದಶಕದಲ್ಲಿ ಲಂಡನ್ನಿನ ಹೆಚಿನ್ಸ್ ಎಂಬ ಅಂಗಡಿಯವರು ಹಿಂದಿನ ಕೊಳವೆಗಳನ್ನು ಹಾವಿನಂತೆ ಬಳುಕಿಸಿ ಮಾಡಿದರು. ರಸ್ತೆಯ ಕುಲುಕಾಟ ಕಡಿಮೆಯಾಗುವುದೆಂದು ಹೇಳಿಕೊಂಡರೂ ಬೇರೆ ಕಾರಣವೂ ಇದ್ದಿತೆಂದು ಬಲ್ಲವರ ಅಭಿಪ್ರಾಯ. ಹವ್ಯಾಸಿ ಪಂದ್ಯಗಳ ನಿಯಮದಂತೆ ಪತ್ರಿಕೆಯ ಛಾಯಾಚಿತ್ರದಲ್ಲಿ ತಯಾರಕನ ಹೆಸರು ಕಾಣಿಸಕೂಡದು. ಹೆಸರನ್ನು ಅಳಿಸಬಹುದು, ಬಳುಕಿದ ಕೊಳವೆಯನ್ನು ಅಳಿಸಲಾಗದು! ಸೈಕಲ್ಲೇ ಅಂಗಡಿಯ ಬೋರ್ಡಾಯಿತು. ವ್ಯಾಪಾರ ಬಲ್ಲವರು ಇದಕ್ಕೆ ಮುಗುಳ್ನಗದೆ ಇರಲಾರರು.

ಹೀಗೆ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ವೈಚಿತ್ರ್ಯದ ಒಳಗೆ ಅಗತ್ಯವೂ ಇರಬಹುದು, ಪ್ರದರ್ಶನವೂ ಇರಬಹುದು. ಬಹುತೇಕ ಎರಡೂ ಹೆಣೆದುಕೊಂಡೇ ಇರುತ್ತವೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಬೆಲೆಯಿಂದಲ್ಲ, ಮೂರ್ಛೆಯಿಂದ ಗುರುತಿಸಿದ್ದಾರೆ. ಹಳೆಯ ತುಕ್ಕು ಸೈಕಲ್ಲನ್ನು ಮಗನಿಗೂ ಮುಟ್ಟಗೊಡದವನಲ್ಲಿ ಮೂರ್ಛೆ ಹೆಚ್ಚಿರಬಹುದು. ಆದರೆ ಈ ಮಾತು ಉಳ್ಳವರಿಗೆ ಬಹಳ ಅನುಕೂಲವಾದ ಮಾತೂ ಹೌದೆಂಬುದನ್ನು ಮರೆಯಬಾರದು. “ವಸ್ತುವಿದೆ, ಮೋಹವಿಲ್ಲ” ಎಂದು ಹೇಳಿಕೊಳ್ಳುವುದಕ್ಕೆ ಖರ್ಚಿಲ್ಲ. ಅಣುವ್ರತಿಯಾದ ಗೃಹಸ್ಥನಿಗೆ ಪರಿಮಾಣವನ್ನು, ಎಂದರೆ ಲೆಕ್ಕದ ಮಿತಿಯನ್ನು, ವಿಧಿಸಿರುವುದು ಈ ಆತ್ಮವಂಚನೆಯನ್ನು ತಡೆಯುವುದಕ್ಕೇ ಇರಬೇಕು.

ಒಬ್ಬನ ಅಳತೆಗೆ ಮಾಡಿದ ವಸ್ತುವಿನಲ್ಲಿ ಒಂದು ವಿಶೇಷ ತೊಡಕಿದೆ. ಅದು ಇನ್ನೊಬ್ಬನಿಗೆ ಹೊಂದುವುದಿಲ್ಲ. ಎರವಲು ಕೊಡುವಂತಿಲ್ಲ, ದಾನ ಮಾಡಿದರೆ ಪಡೆದವನ ಮೊಣಕಾಲು ನೋಯುತ್ತದೆ. ‘ನನ್ನದು’ ಎಂಬ ಭಾವನೆಯನ್ನು ಉಕ್ಕಿನಲ್ಲಿಯೇ ಬೆಸೆದಂತಾಯಿತು. ಇದಕ್ಕೆ ಎದುರಾಗಿ ಹೇಳಬೇಕಾದದ್ದೂ ಇದೆ. ಉಕ್ಕಿನ ಕೊಳವೆ ಮುರಿದರೆ ಅದೊಂದನ್ನೇ ಬಿಚ್ಚಿ ಬೇರೆ ಬೆಸೆಯಬಹುದು. ಮೈಗೆ ಒಗ್ಗಿದ ಸೈಕಲ್ಲುಳ್ಳವನು ಎರಡು ವರ್ಷಕ್ಕೊಂದು ಹೊಸದು ಕೊಳ್ಳುವುದಿಲ್ಲ. ಬೇಸರಗೊಂಡು ಮೂಲೆಗೆಸೆದ ಅಗ್ಗದ ಮೂರು ಸೈಕಲ್ಲುಗಳಿಗಿಂತ ಆಯುಷ್ಯಪೂರ್ತಿ ತುಳಿದ ಒಂದು ದುಬಾರಿ ಸೈಕಲ್ಲು ಕಡಿಮೆ ಪರಿಗ್ರಹವೆಂದು ಸಾಧಿಸಬಹುದು. ಆದರೆ ಅದನ್ನು ತುಳಿಯಬೇಕು; ಗೋಡೆಗೆ ನೇತುಹಾಕಿದರೆ ವಾದ ಬಿದ್ದುಹೋಗುತ್ತದೆ.

ಮಾಡುವವನ ಕಡೆಯಿಂದ ನೋಡುವುದಕ್ಕೆ ಚನ್ನಪಟ್ಟಣಕ್ಕಿಂತ ದೂರ ಹೋಗಬೇಕಾಗಿಲ್ಲ. ಅಲ್ಲಿಯ ಕುಶಲಕರ್ಮಿಯು ಹಾಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ಗರಿಯಿಂದ ಒರೆಸಿದಾಗ ಹೊಳಪು ಬರುತ್ತದೆ. ಅಳತೆಗೋಲಿಗಿಂತ ಹೆಚ್ಚಾಗಿ ಕಣ್ಣು, ಬೆರಳುಗಳೇ ಆಕಾರವನ್ನು ತೀರ್ಮಾನಿಸುತ್ತವೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯದಿಂದ ಬಂದ ಕಸುಬೆಂದು ಹೇಳಲಾಗುವ ಇದು ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಲ್ಲಿ ಬಹಳ ಸೊರಗಿದ ಬಳಿಕ, ಕೈಕೆಲಸವನ್ನೇ ಅರಸಿ ಬರುವ ಗಿರಾಕಿಗಳಿಂದ ಅಷ್ಟಿಷ್ಟು ಚೇತರಿಸಿಕೊಂಡಿದೆ. ಅಪೂರ್ವ ವಸ್ತುವಿನ ಆಸೆಯೆಲ್ಲ ಹೇಯವೆಂದು ತೀರ್ಪು ಕೊಡುವವರು ಆ ಮನೆಗಳ ಒಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದರೊಡನೆಯೇ, ಕೈಯಿಂದ ಮಾಡಿದ್ದೆಲ್ಲ ನಿರ್ದೋಷವೆಂಬ ಭ್ರಮೆಯೂ ಸಲ್ಲದು. ಅರಗು ಕೀಟದ ಸ್ರಾವ; ಅದನ್ನು ಕೊಂಬೆಯಿಂದ ಕೆರೆದು ತೆಗೆಯುವಾಗ ಅಸಂಖ್ಯ ಜೀವಗಳು ಅಳಿಯುತ್ತವೆ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಸೇರಿರುವುದನ್ನು ಉಪಾಸಕದಶಾಂಗದಲ್ಲಿ ಕಾಣಬಹುದು. ರಾಮನಗರದ ಗೂಡುಗಳ ಕಥೆಯಂತೂ ಜೈನ ಓದುಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಕೈಕಸುಬಿನ ಸೈಕಲ್ಲಿಗೆ ಶೋಭೆಯೆಂದು ಹೂಡುವ ಸೀಟು ಕೂಡ ಬಹುಮಟ್ಟಿಗೆ ಚರ್ಮದ್ದೇ. ಆ ಸೀಟುಗಳಿಗೆ ಪ್ರಸಿದ್ಧವಾದ ಬ್ರೂಕ್ಸ್ ಸಂಸ್ಥೆಯೇ ಈಚೆಗೆ ರಬ್ಬರು ಮತ್ತು ಹತ್ತಿಬಟ್ಟೆಯ ಸೀಟನ್ನೂ ಮಾಡುತ್ತಿದೆ. ಅಂಗುಲ ಅಂಗುಲಕ್ಕೂ ತನ್ನ ಇಷ್ಟವನ್ನು ಹೇಳಿ ಮಾಡಿಸುವವನಿಗೆ ಇದನ್ನೂ ಹೇಳುವ ಅವಕಾಶವಿದೆ. ಅಂಗಡಿಯಲ್ಲಿದ್ದುದನ್ನು ಕೊಳ್ಳುವವನ ನೆಪ ಅವನಿಗಿಲ್ಲ.

ಇಷ್ಟೆಲ್ಲ ವಿವೇಚನೆ ಶ್ರೀಮಂತರ ಸೈಕಲ್ಲಿಗಷ್ಟೇ ಸೀಮಿತವಾಗಿದ್ದರೆ ಇದಕ್ಕೆ ಇಷ್ಟು ಪುಟ ಬೇಕಿರಲಿಲ್ಲ. ಕಾಲಿನ ಶಕ್ತಿ ಕಳೆದುಕೊಂಡವರು ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲೂ ರೂಢಿಯಲ್ಲದ ಚೌಕಟ್ಟೇ. ಜಯಂತಿಯ ದಿನ, ಪುಣ್ಯತಿಥಿಯ ದಿನ ಟ್ರಸ್ಟುಗಳೂ ಕುಟುಂಬಗಳೂ ಇವನ್ನು ದಾನ ಮಾಡುವುದು ಸಂತೋಷದ ವಿಷಯ. ಆದರೆ ಶಾಮಿಯಾನದ ಕೆಳಗೆ ಸಾಲಾಗಿ ನಿಲ್ಲಿಸುವ ಆ ಗಾಡಿಗಳು ಸಾಮಾನ್ಯವಾಗಿ ಒಂದೇ ಅಳತೆಯವು. ಬಲಗೈ ಸೋತವನಿಗೂ ಬಲಗಡೆಯೇ ಹಿಡಿ. ಹತ್ತು ವರ್ಷದ ಬಾಲಕಿಗೂ ದೊಡ್ಡವರ ಸೀಟು. ಛಾಯಾಚಿತ್ರ ಮುಗಿದ ಮೇಲೆ ಹೊಂದದ ಗಾಡಿ ಹಿತ್ತಲು ಸೇರುತ್ತದೆ. ತನ್ನ ಮೈಗೆ ಒಗ್ಗದ ಸೈಕಲ್ಲಿನಲ್ಲಿ ಒಂದು ಮೈಲಿ ಹೋಗಲೊಲ್ಲದ ಹವ್ಯಾಸಿಗೆ ಸಲ್ಲುವ ಅಳತೆಯ ಟೇಪು, ಅದನ್ನು ದಿನವಿಡೀ ಬಿಟ್ಟಿಳಿಯಲಾಗದವನಿಗೆ ಸಲ್ಲದೆ ಹೋಗುವುದು ಯಾವ ನ್ಯಾಯ?

ದಾನಕ್ಕೆ ಒಂದು ತಿಂಗಳು ಮೊದಲು ಪಡೆಯುವವರನ್ನು ಕರೆಸಿ ತೋಳು, ಬೆನ್ನು, ಕುಳಿತ ಎತ್ತರವನ್ನು ಬರೆದುಕೊಳ್ಳಲು ತಲೆಗೆ ಅರ್ಧ ಗಂಟೆ ಸಾಕು. ಹಿಡಿಯನ್ನು ಎಡಕ್ಕೆ ಬದಲಿಸುವುದು, ಸೀಟನ್ನು ನಾಲ್ಕು ಅಂಗುಲ ಮುಂದಕ್ಕೆ ತರುವುದು, ಊರುಗೋಲಿಗೆ ಕೊಂಡಿ ಬೆಸೆಯುವುದು ಕನಕಪುರ, ಮಾಗಡಿಗಳ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆಗುವ ಕೆಲಸ. ಬೆರಳು ಮಡಿಸಲಾರದ ಕೈಗೆ ದಪ್ಪನೆಯ ಮರದ ಹಿಡಿ ಬೇಕಾದರೆ ಚನ್ನಪಟ್ಟಣದವರು ಅಂಗೈ ನೋಡಿ ಕಡೆದುಕೊಡುತ್ತಾರೆ. ಅದಕ್ಕೆ ಅರಗಿನ ಹೊಳಪು ಬೇಡವೆಂದು ಮೊದಲೇ ತಿಳಿಸಿದರಾಯಿತು.