ಹೊಸ ಪೈಪು ಹೇಳುವ ಸುಳ್ಳು

ಕಳೆದ ಜೂನ್ ತಿಂಗಳ ಒಂದು ಶನಿವಾರ ನಾನು ಮನೆ ಮಾಲೀಕರ ಜೊತೆ ಸೇರಿ ಅವರ ಹಳೆಯ ಕಾರಿನ ಹೀಟರ್ ಪೈಪುಗಳನ್ನು ಬದಲಿಸುತ್ತಿದ್ದೆ. ನಾನು ಸಂಶೋಧನೆಗೆಂದು ಬಂದು ಬಾಡಿಗೆಗಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಪ್ರಬಂಧದ ಮೂರನೆಯ ಅಧ್ಯಾಯ ಮುಂದಕ್ಕೆ ಹೋಗದೆ ಕುಳಿತಿತ್ತು. ಕೈಗೆ ಗ್ರೀಸ್ ಮೆತ್ತುವ ಕೆಲಸ ಸಿಕ್ಕಿದ್ದು ಒಳ್ಳೆಯದೇ ಅನಿಸಿತು. ಮಾಲೀಕರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರು. ಕಾರು 1972ರ ಎಂಜಿಬಿ. ಮಂಡಿನೋವಿನಿಂದ ಕ್ಲಚ್ ಒತ್ತಲಾಗದೆ ಅದನ್ನು ಮಾರಲು ಹೊರಟಿದ್ದರು.

ಬಾನೆಟ್ ಎತ್ತಿದಾಗ ಎಂಜಿನ್ ಎಲ್ಲೋ ನೋಡಿದ ಮುಖದಂತೆ ಕಂಡಿತು. ಅದು 1798 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್. ಅದೇ ವಂಶದ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿದೆ. ಸಾಗರದಲ್ಲಿ ಅಪ್ಪ ಬಾಡಿಗೆಗೆ ಓಡಿಸುತ್ತಿದ್ದದ್ದು ಅಂಥದ್ದೇ ಒಂದು ಅಂಬಾಸಿಡರ್. ಆ ಕಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ಕಾರುಗಳ ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನಿನ ಬಿಸಿನೀರೇ ಅದರ ಬೆಂಕಿ. ಸಿಲಿಂಡರ್ ಹೆಡ್ಡಿನ ಹಿಂಬದಿಯ ವಾಲ್ವ್ ತೆರೆದರೆ ನೀರು ರಬ್ಬರ್ ಪೈಪಿನ ಮೂಲಕ ಹೀಟರ್ ಪೆಟ್ಟಿಗೆಯೊಳಗಿನ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ. ಫ್ಯಾನ್ ಅದರ ಮೇಲೆ ಗಾಳಿ ಬೀಸಿ ಒಳಗೆ ಕೂತವರ ಕಾಲು ಬೆಚ್ಚಗೆ ಮಾಡುತ್ತದೆ, ಮುಂದಿನ ಗಾಜಿನ ಮಂಜು ಬಿಡಿಸುತ್ತದೆ. ನೀರು ಇನ್ನೊಂದು ಪೈಪಿನಲ್ಲಿ ಎಂಜಿನ್ನಿಗೆ ವಾಪಸಾಗುತ್ತದೆ. ಆ ಎರಡೂ ಪೈಪುಗಳು ಬಿರುಕುಬಿಟ್ಟಿದ್ದವು. ವಾಲ್ವ್ ಜಾಮ್ ಆಗಿತ್ತು. ಹಳೆಯ ಪೈಪನ್ನು ಎಳೆದು ತೆಗೆಯಬಾರದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಬೇಕು ಎಂದು ಅವರು ಕಲಿಸಿದರು. ಎಳೆದರೆ ಒಳಗಿನ ತೆಳು ಕೊಳವೆಯ ಮೂತಿಯೇ ಕಿತ್ತು ಬರಬಹುದು. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ಪೈಪನ್ನು ಸೀಳಿ ನೋಡಿದರೆ ಒಳಗೆಲ್ಲ ಪದರ ಪದರವಾಗಿ ಕೊಳೆತಿತ್ತು. ಸಂಜೆಯ ಹೊತ್ತಿಗೆ ಹೊಸ ಪೈಪು, ಹೊಸ ಕ್ಲಿಪ್ಪು, ಹೊಸ ವಾಲ್ವ್, ಹೊಸ ಕೂಲೆಂಟ್. ಎಂಜಿನ್ ಬಿಸಿಯಾಗುತ್ತಿದ್ದಂತೆ ಬಿಸಿಗಾಳಿ ಬಂತು. ಇಬ್ಬರೂ ಮಕ್ಕಳಂತೆ ಖುಷಿಪಟ್ಟೆವು.

ಮೂರು ದಿನ ಕಳೆದ ಮೇಲೆ ಎಡಗಡೆ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿತ್ತು. ಮುಟ್ಟಿದರೆ ಅಂಟು, ಮೂಸಿದರೆ ಸಿಹಿ ವಾಸನೆ. ಕೂಲೆಂಟ್! ಹೀಟರ್ ಪೆಟ್ಟಿಗೆಯೊಳಗಿನ ರೇಡಿಯೇಟರೇ ಸೋರುತ್ತಿತ್ತು. ಅದನ್ನು ತೆಗೆಯಬೇಕಾದರೆ ಇಡೀ ಪೆಟ್ಟಿಗೆ ಹೊರಬರಬೇಕು. ಹೀಟರ್ ಪೆಟ್ಟಿಗೆ ಇಟ್ಟು ಅದರ ಸುತ್ತ ಕಾರು ಕಟ್ಟಿದ್ದಾರೆ ಎಂದು ಎಂಜಿಬಿ ಇಟ್ಟುಕೊಂಡವರು ತಮಾಷೆ ಮಾಡುತ್ತಾರೆ. ಅಷ್ಟು ಇಕ್ಕಟ್ಟು. ಆ ಮಂಡಿಗೆ ಆಗುವ ಕೆಲಸವಲ್ಲ, ನನಗೆ ಗೊತ್ತಿರುವ ಕೆಲಸವೂ ಅಲ್ಲ. ಭಾನುವಾರ ಗಿರಾಕಿ ಬರುವವನಿದ್ದ.

ಸುಲಭದ ದಾರಿಯೊಂದಿತ್ತು. ವಾಲ್ವಿನಿಂದ ಬರುವ ಪೈಪನ್ನು ಹೀಟರಿಗೆ ಕೊಡದೆ ನೇರವಾಗಿ ವಾಪಸು ಹೋಗುವ ಕೊಳವೆಗೆ ಜೋಡಿಸಿಬಿಡುವುದು. ಸೋರಿಕೆ ನಿಲ್ಲುತ್ತದೆ, ಎಂಜಿನ್ನಿಗೇನೂ ಆಗುವುದಿಲ್ಲ, ಹೀಟರ್ ಮಾತ್ರ ಇಲ್ಲ. ಹಾಗೆಯೇ ಮಾಡಿದೆವು. ಬಾನೆಟ್ ಮುಚ್ಚುತ್ತಾ ಅವರು, "ಜೂನ್ ತಿಂಗಳಲ್ಲಿ ಹೀಟರ್ ಹಾಕಿ ನೋಡುವವರು ಯಾರು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೇಳಬೇಕಾ? ನೀನು ಫಿಲಾಸಫಿ ಓದುವವರಲ್ಲವಾ?" ಎಂದರು.

ಪ್ರಶ್ನೆ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನಿಗೆಂದು ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ಮನೆ ಮಾರುತ್ತಾನೆ. ಮನೆಯ ಮರ ಹಾಳಾಗಿದೆ, ಕೋಣೆಗಳಲ್ಲಿ ಹುಳಹುಪ್ಪಟೆ ಇದೆ, ಅದು ಮಾಲೀಕನಿಗೆ ಮಾತ್ರ ಗೊತ್ತು. ಹೇಳಬೇಕೇ? ಬೇಕಿಲ್ಲ ಎನ್ನುತ್ತಾನೆ ಸ್ಟೋಯಿಕ್ ತತ್ವಜ್ಞಾನಿ ಬ್ಯಾಬಿಲಾನಿನ ಡಯೋಜಿನಿಸ್. ಕೊಳ್ಳುವವನಿಗೆ ಕಣ್ಣಿದೆ, ನೋಡಿಕೊಳ್ಳಲಿ. ಸುಮ್ಮನಿರುವುದೇ ಬೇರೆ, ಮುಚ್ಚಿಡುವುದೇ ಬೇರೆ ಎಂಬುದು ಅವನ ವಾದ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಗೊತ್ತಿದ್ದೂ ಒಬ್ಬನನ್ನು ತಪ್ಪು ದಾರಿಗೆ ಬಿಡುವುದು ದಾರಿ ತೋರಿಸದಿರುವುದಕ್ಕಿಂತ ಕೆಟ್ಟದ್ದು ಎನ್ನುತ್ತಾನೆ. ಸಿಸೆರೊನ ಒಲವು ಶಿಷ್ಯನ ಕಡೆಗೆ.

ನಮ್ಮ ಕಾನೂನು ಗುರುವಿನ ಕಡೆಗೆ ವಾಲಿದಂತಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಒಂದು ಕುದುರೆಯ ಉದಾಹರಣೆ ಬರುತ್ತದೆ. ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ನಿಮ್ಮ ಮಗಳಾಗಿದ್ದರೆ ಹೇಳಲೇಬೇಕು. 'ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ' ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ, ಆ ಮೌನವೂ ಮಾತೇ.

ನನ್ನನ್ನು ಕಾಡಿದ್ದು ಈ ಕೊನೆಯ ಸಾಲು. ನಾವು ಮಾತಾಡಿರಲಿಲ್ಲ ನಿಜ. ಆದರೆ ಬಾನೆಟ್ಟಿನ ಕೆಳಗೆ ಹೊಸ ಪೈಪು ಕರ್ರಗೆ ಮಿಂಚುತ್ತಿತ್ತು. ಹಳೇ ಕಾರು ಕೊಳ್ಳುವವನು ಅದನ್ನು ನೋಡಿದ ಕೂಡಲೇ 'ಹೀಟರ್ ಕೆಲಸ ಆಗಿದೆ' ಎಂದುಕೊಳ್ಳುತ್ತಾನೆ. ಬಿರುಕುಬಿಟ್ಟ ಹಳೇ ಪೈಪೇ ಇದ್ದಿದ್ದರೆ ಅವನೇ ಕೇಳುತ್ತಿದ್ದ. ಅವನು ಕೇಳದಂತೆ ಮಾಡಿದ್ದು ನಮ್ಮ ಕೆಲಸ. ಪೈಪು ಹಾಕಿದಾಗ ಅಂಥ ಉದ್ದೇಶವಿರಲಿಲ್ಲ. ಸೋರಿಕೆ ಗೊತ್ತಾದ ಮೇಲೆ ಅದೇ ಪೈಪು ನಮ್ಮ ಪರವಾಗಿ ಸುಳ್ಳು ಹೇಳತೊಡಗಿತ್ತು.

ಇದು ನನಗೆ ಇಷ್ಟು ಬೇಗ ಹೊಳೆಯಲು ಕಾರಣ ಅಪ್ಪನ ಅಂಬಾಸಿಡರ್. ನಾನು ಪಿಯುಸಿ ಸೇರುವ ವರ್ಷ ಅಪ್ಪ ಅದನ್ನು ಮಾರಿದರು. ರೇಡಿಯೇಟರ್ ಸೋರುತ್ತಿತ್ತು. ಅಪ್ಪ ಹೊಸ ಹೋಸ್ ಪೈಪು ಹಾಕಿಸಿ, ರೇಡಿಯೇಟರಿಗೆ ಅರಿಶಿನ ಪುಡಿ ಸುರಿದರು. ಪುಡಿ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು ಕೆಲವು ದಿನ ಸೋರಿಕೆ ನಿಲ್ಲಿಸುತ್ತದೆ. ಡ್ರೈವರುಗಳಿಗೆಲ್ಲ ಗೊತ್ತಿರುವ ಉಪಾಯ. ಅಡುಗೆಮನೆಯಿಂದ ಅರಿಶಿನದ ಪೊಟ್ಟಣ ತಂದುಕೊಟ್ಟವರಲ್ಲಿ ಎರಡನೆಯವರಿಲ್ಲ, ನಾನೇ. ಆ ದುಡ್ಡಿನಲ್ಲಿ ನನ್ನ ಕಾಲೇಜಿನ ಫೀಸು ಕಟ್ಟಿದ್ದು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ.

"ತಗೊಂಡವನೂ ಡ್ರೈವರೇ ಅಲ್ವಾ. ಮುಚ್ಚಳ ಬಿಚ್ಚಿ ನೋಡಿದ್ರೆ ಅರಿಶಿನ ಕಾಣ್ತಿತ್ತು. ಅವ ನೋಡ್ಲಿಲ್ಲ, ನಾನು ಹೇಳ್ಲಿಲ್ಲ," ಎಂದರು. ಡಯೋಜಿನಿಸನ ವಾದವೇ ಸಾಗರದ ಟ್ಯಾಕ್ಸಿ ಸ್ಟ್ಯಾಂಡಿನ ಮಾತಿನಲ್ಲಿ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಆದ್ರೂ ಒಂದು ವರ್ಷ ಅವನ ಮನೆ ಇರೋ ಬೀದೀಲಿ ನಾನು ಓಡಾಡ್ಲಿಲ್ಲ ಮಗಾ," ಎಂದರು.

ಅಪ್ಪನನ್ನು ತೂಗಲು ನನಗೆ ಮನಸ್ಸಿಲ್ಲ. ನಿಜ ಹೇಳುವುದಕ್ಕೆ ಎಲ್ಲರೂ ಒಂದೇ ಬೆಲೆ ಕೊಡುವುದಿಲ್ಲ. ಮನೆ ಮಾಲೀಕರಿಗೆ ಪಿಂಚಣಿಯಿದೆ. ಅಪ್ಪನಿಗೆ ಇದ್ದದ್ದು ಜೂನ್ ಒಳಗೆ ಕಟ್ಟಬೇಕಾದ ಫೀಸು. ಆದರೆ ಬಡತನದ ಲೆಕ್ಕವೂ ಅಲ್ಲಿಗೇ ಮುಗಿಯುವುದಿಲ್ಲ. ಕಾರು ಕೊಂಡವನೂ ಸಾಲ ಮಾಡಿಯೇ ಕೊಂಡಿದ್ದ. ಅವನ ಮನೆಯಲ್ಲೂ ಓದುವ ಮಕ್ಕಳಿದ್ದರೇನೋ. ನಮ್ಮ ಮನೆಯ ಸೋರಿಕೆಯನ್ನು ನಾವು ಅವನ ಮನೆಗೆ ದಾಟಿಸಿದೆವು, ಅಷ್ಟೇ.

ಸುಮ್ಮನಿರುವುದಕ್ಕೂ ಮುಚ್ಚಿಡುವುದಕ್ಕೂ ಡಯೋಜಿನಿಸ್ ಹೇಳುವ ವ್ಯತ್ಯಾಸ ಇದೆ ಎಂದೇ ನನಗೂ ಅನಿಸುತ್ತದೆ. ಅದರ ಗೆರೆ ಎಲ್ಲಿದೆ ಎನ್ನುವುದರಲ್ಲಿ ಅವನು ತಪ್ಪಿದ. ಸುಮ್ಮನಿರಲು ಏನೂ ಮಾಡಬೇಕಿಲ್ಲ. ಮುಚ್ಚಿಡಲು ಕೈ ಬೇಕು, ಒಂದು ಪೈಪು, ಒಂದು ಪೊಟ್ಟಣ ಅರಿಶಿನ ಬೇಕು. ಎದುರಿನವನ ಪ್ರಶ್ನೆ ಹುಟ್ಟದ ಹಾಗೆ ನಮ್ಮ ಕೈ ಏನಾದರೂ ಮಾಡಿದ್ದರೆ, ಆಮೇಲೆ 'ಅವನು ಕೇಳಲಿಲ್ಲ' ಎನ್ನುವ ಹಕ್ಕು ನಮಗೆ ಉಳಿಯುವುದಿಲ್ಲ.

ಮಾಲೀಕರಿಗೆ ಇದನ್ನೇ ಹೇಳಿದೆ, ಅಪ್ಪನ ಕಥೆಯನ್ನೂ ಸೇರಿಸಿ. ಅವರು ಏನೂ ಅನ್ನಲಿಲ್ಲ. ಭಾನುವಾರ ಗಿರಾಕಿ ಬಂದಾಗ, ಅವನು ಕೇಳುವ ಮೊದಲೇ ಬಾನೆಟ್ ಎತ್ತಿ ಅಡ್ಡ ಜೋಡಿಸಿದ ಪೈಪನ್ನು ಬೆರಳಿಟ್ಟು ತೋರಿಸಿದರು. ಅವನು ಮುನ್ನೂರು ಪೌಂಡ್ ಇಳಿಸಿ ಕೇಳಿದ. ಕೊಟ್ಟರು.

ಊರಿಗೆ ಹೋದಾಗ ಆ ಬೀದಿಯಲ್ಲಿ ಒಮ್ಮೆ ಅಪ್ಪನ ಜೊತೆ ನಡೆದು ಬರಬೇಕೆಂದಿದ್ದೇನೆ. ಆ ಮನೆಯವರು ಸಿಕ್ಕರೆ ಏನು ಹೇಳಬೇಕು ಎಂಬುದನ್ನು ಮಾತ್ರ ಇನ್ನೂ ಯೋಚಿಸುತ್ತಿದ್ದೇನೆ.